ಆಫ್‌ಸೈಡ್ ನಿಯಮದಲ್ಲಿ ಗೋಲ್‌ಕೀಪರನ ಸ್ಥಾನ

ಕಾಲ್ಚೆಂಡಾಟಕ್ಕೆ ಈಗಿರುವ ನಿಯಮಗಳು ಹದಿನೇಳು. ಇವುಗಳಲ್ಲಿ ಹದಿನಾರನ್ನು ಹತ್ತು ವರ್ಷದ ಬಾಲಕನು ಆಡುತ್ತಾಡುತ್ತಲೇ ಕಲಿತುಕೊಳ್ಳುವನು. ಹನ್ನೊಂದನೆಯದಾದ ಆಫ್‌ಸೈಡ್ ನಿಯಮವನ್ನಾದರೋ ಹತ್ತಾರು ವರ್ಷ ಆಡಿದವರೂ, ನೋಡಿದವರೂ ತಪ್ಪಾಗಿ ಹೇಳುವುದುಂಟು. ದೊಡ್ಡಬಳ್ಳಾಪುರದಲ್ಲಾಗಲಿ ದೇವನಹಳ್ಳಿಯಲ್ಲಾಗಲಿ, ಹೊಸಕೋಟೆ ನೆಲಮಂಗಲಗಳ ಶಾಲೆಯ ಬಯಲುಗಳಲ್ಲಾಗಲಿ, ಸಂಜೆಯ ಹೊತ್ತು ಹುಡುಗರ ಆಟವು ನಿಂತು ಕೂಗಾಟವು ಮೊದಲಾಯಿತೆಂದರೆ, ಅದಕ್ಕೆ ಕಾರಣವು ಬಹುಮಟ್ಟಿಗೆ ಈ ಒಂದು ನಿಯಮವೇ ಆಗಿರುವುದು. ಆ ಕೂಗಾಟದಲ್ಲಿ ಎರಡು ಪಕ್ಷದವರೂ ಒಪ್ಪಿಕೊಂಡು ಆಡುವ ಮಾತೊಂದಿದೆ: ಗೋಲ್‌ಕೀಪರನನ್ನು ಬಿಟ್ಟು ಎದುರು ಪಕ್ಷದವನು ಇನ್ನೊಬ್ಬನು ಮುಂದೆ ಇದ್ದರೆ ಸಾಕು, ಆಫ್‌ಸೈಡ್ ಇಲ್ಲ ಎಂಬುದು. ನೂರಕ್ಕೆ ತೊಂಬತ್ತು ಸಂದರ್ಭಗಳಲ್ಲಿ ಈ ಮಾತಿನಿಂದ ಕೆಲಸ ನಡೆದುಹೋಗುವುದು. ಆದರೆ ನಿಯಮವು ಹೇಳುವುದು ಇದನ್ನಲ್ಲ. ನಿಯಮದ ಈ ಭಾಗದಲ್ಲಿ ಗೋಲ್‌ಕೀಪರನ ಪ್ರಸ್ತಾಪವೇ ಇಲ್ಲ.

ಈ ಭೇದವು ಪಂಡಿತರ ಕೂದಲು ಸೀಳುವ ವಾದವಲ್ಲವೆಂಬುದನ್ನು ಜಗತ್ತೆಲ್ಲವೂ ಒಮ್ಮೆ ಕಣ್ಣಾರೆ ಕಂಡಿತು. 2010ನೆಯ ವರ್ಷದ ಜೂನ್ 11ರಂದು ಜೋಹಾನ್ಸ್‌ಬರ್ಗ್ ನಗರದಲ್ಲಿ ವಿಶ್ವಕಪ್ಪಿನ ಮೊದಲನೆಯ ಪಂದ್ಯವು ದಕ್ಷಿಣ ಆಫ್ರಿಕ ಮತ್ತು ಮೆಕ್ಸಿಕೋ ತಂಡಗಳಿಗೆ ನಡೆಯಿತು. ಮೊದಲರ್ಧದಲ್ಲಿ ಮೆಕ್ಸಿಕೋದವರಿಗೆ ಒಂದು ಕಾರ್ನರ್ ಕಿಕ್ ದೊರೆಯಿತು. ಮೂಲೆಯಿಂದ ಬಂದ ಚೆಂಡನ್ನು ಹಿಡಿಯಲೆಂದು ದಕ್ಷಿಣ ಆಫ್ರಿಕದ ಗೋಲ್‌ಕೀಪರನಾದ ಇಟುಮೆಲೆಂಗ್ ಖುನೆಯು ಗೋಲನ್ನು ಬಿಟ್ಟು ಮುಂದಕ್ಕೆ ನುಗ್ಗಿದನು. ಚೆಂಡು ಅವನಿಗೆ ಸಿಕ್ಕಲಿಲ್ಲ. ಮೆಕ್ಸಿಕೋದವನೊಬ್ಬನ ತಲೆ ತಗುಲಿ ಅದು ಗೋಲಿನ ಹತ್ತಿರವಿದ್ದ ಕಾರ್ಲೋಸ್ ವೆಲಾ ಎಂಬವನ ಬಳಿಗೆ ಬಂದಿತು. ಅವನು ಅದನ್ನು ಗೋಲಿನೊಳಕ್ಕೆ ಹೊಡೆದನು. ಆಗ ಗೋಲು ಗೆರೆಯ ಮೇಲೆ ದಕ್ಷಿಣ ಆಫ್ರಿಕದ ಆಟಗಾರನೊಬ್ಬನು ನಿಂತೇ ಇದ್ದನು. ಆದರೂ ಸಹಾಯಕ ರೆಫರಿಯು ಧ್ವಜವನ್ನೆತ್ತಿದನು, ಗೋಲು ರದ್ದಾಯಿತು. ಮುಂದೆ ಒಬ್ಬನಿರುವಾಗ ಆಫ್‌ಸೈಡ್ ಹೇಗಾಯಿತೆಂದು ನೋಡುವವರಲ್ಲಿ ಅನೇಕರು ಬೆರಗಾದರು. ಅನ್ಯಾಯವಾಯಿತೆಂದವರಿಗೂ ಕಡಮೆಯಿರಲಿಲ್ಲ. ಅಲ್ಲಿ ಆದುದು ಶುದ್ಧವಾದ ನ್ಯಾಯವೇ. ಗೆರೆಯ ಮೇಲಿದ್ದವನು ಒಬ್ಬನೇ; ನಿಯಮಕ್ಕೆ ಬೇಕಾದವರು ಇಬ್ಬರು. ಗೋಲ್‌ಕೀಪರನು ಮುಂದಕ್ಕೆ ಬಂದುಬಿಟ್ಟಿದ್ದುದರಿಂದ ಅವನು ಲೆಕ್ಕಕ್ಕೆ ಬರಲಿಲ್ಲ. ಪಂದ್ಯವು ಕೊನೆಗೆ ಒಂದೊಂದು ಗೋಲಿನಿಂದ ಸಮವಾಗಿ ಮುಗಿಯಿತು. ಆ ಧ್ವಜವು ಏಳದೆ ಹೋಗಿದ್ದರೆ ಫಲವು ಬೇರೆಯಾಗುತ್ತಿದ್ದಿತೋ ಏನೋ.

ನಿಯಮದ ತಾತ್ಪರ್ಯವಿಷ್ಟು. ಎದುರು ಪಕ್ಷದವರ ಅರ್ಧ ಬಯಲಿನಲ್ಲಿದ್ದುಕೊಂಡು, ಚೆಂಡಿಗಿಂತಲೂ, ಎದುರಾಳಿಗಳಲ್ಲಿ ಕೊನೆಯಿಂದ ಎರಡನೆಯವನಿಗಿಂತಲೂ ಅವರ ಗೋಲು ಗೆರೆಗೆ ಹೆಚ್ಚು ಸಮೀಪವಾಗಿರುವವನು ಆಫ್‌ಸೈಡ್ ಸ್ಥಾನದಲ್ಲಿರುವನು. ಇಲ್ಲಿ ಮುಖ್ಯವಾದ ಪದವು ‘ಕೊನೆಯಿಂದ ಎರಡನೆಯವನು’ ಎಂಬುದು. ಸಂಸ್ಕೃತ ವ್ಯಾಕರಣವನ್ನು ಓದಿದವರಿಗೆ ಇದು ಹೊಸದಾಗಿ ತೋರಲಾರದು. ಶಬ್ದದ ಕೊನೆಯ ವರ್ಣಕ್ಕೆ ಹಿಂದಿನ ವರ್ಣವನ್ನು ಪಾಣಿನಿಯು ಉಪಧೆಯೆಂದು ಕರೆದಿರುವನು. ‘ಬುಧ್’ ಎಂಬ ಧಾತುವಿನಲ್ಲಿ ಧಕಾರವು ಅಂತ್ಯ, ಉಕಾರವು ಉಪಧೆ. ‘ಲಿಖ್’ ಎಂಬಲ್ಲಿ ಇಕಾರವು ಉಪಧೆ. ಉಪಧೆಯೆಂಬುದು ಯಾವುದೊಂದು ವರ್ಣದ ಹೆಸರಲ್ಲ, ಒಂದು ಸ್ಥಾನದ ಹೆಸರು. ಆ ಸ್ಥಾನದಲ್ಲಿ ಯಾವುದು ನಿಂತರೆ ಅದಕ್ಕೆ ಆ ಸಂಜ್ಞೆ. ಆಫ್‌ಸೈಡ್ ನಿಯಮದಲ್ಲಿಯೂ ಹಾಗೆಯೇ. ಸಾಮಾನ್ಯವಾಗಿ ಗೋಲ್‌ಕೀಪರನು ಅಂತ್ಯನಾಗಿಯೂ, ಬ್ಯಾಕ್ ಆಟಗಾರರಲ್ಲಿ ಒಬ್ಬನು ಉಪಾಂತ್ಯನಾಗಿಯೂ ಇರುವರು. ಗೋಲ್‌ಕೀಪರನು ಬ್ಯಾಕ್ ಆಟಗಾರನನ್ನು ದಾಟಿ ಮುಂದಕ್ಕೆ ಬಂದರೆ ಬ್ಯಾಕ್ ಆಟಗಾರನು ಅಂತ್ಯನು, ಗೋಲ್‌ಕೀಪರನು ಉಪಾಂತ್ಯನು. ಇಬ್ಬರನ್ನು ದಾಟಿ ಬಂದರೆ ಅವನು ಎಣಿಕೆಯಿಂದಲೇ ಹೊರಗಾಗುವನು. ಜೋಹಾನ್ಸ್‌ಬರ್ಗಿನಲ್ಲಿ ಗೆರೆಯ ಮೇಲಿದ್ದವನು ಅಂತ್ಯನಾಗಿದ್ದನು. ಉಪಾಂತ್ಯನು ವೆಲಾನಿಗಿಂತ ಹಿಂದೆ, ಎಂದರೆ ಬಯಲಿನ ನಡುವಿನ ಕಡೆಗೆ ಇದ್ದನು.

ಎಲ್ಲ ಶಾಸ್ತ್ರಗಳಲ್ಲಿರುವಂತೆ ಇಲ್ಲಿಯೂ ಉತ್ಸರ್ಗಕ್ಕೆ ಅಪವಾದಗಳುಂಟು. ಗೋಲ್ ಕಿಕ್, ಥ್ರೋ, ಕಾರ್ನರ್ ಕಿಕ್ ಇವುಗಳಿಂದ ನೇರವಾಗಿ ಚೆಂಡನ್ನು ಪಡೆದವನಿಗೆ ಆಫ್‌ಸೈಡ್ ಇಲ್ಲ. ಮೆಕ್ಸಿಕೋದವರ ಕಾರ್ನರ್ ಕಿಕ್ಕಿಗೂ ಈ ವಿನಾಯಿತಿಯಿದ್ದಿತು. ಆದರೆ ನಡುವೆ ಮತ್ತೊಬ್ಬನ ತಲೆಗೆ ಚೆಂಡು ತಗುಲಿದ ಕೂಡಲೆ ವಿನಾಯಿತಿಯು ಮುಗಿದು ಉತ್ಸರ್ಗವು ಮರಳಿ ಬಂದಿತು. ಎರಡನೆಯದಾಗಿ, ಸ್ಥಾನವನ್ನು ನೋಡತಕ್ಕದ್ದು ಸಂಗಡಿಗನು ಚೆಂಡನ್ನು ಒದೆದ ಅಥವಾ ಮುಟ್ಟಿದ ಕ್ಷಣದಲ್ಲಿ. ಚೆಂಡು ಬಂದು ತಲಪಿದಾಗ ಅಲ್ಲ. ಚೆಂಡು ಗಾಳಿಯಲ್ಲಿರುವಾಗ ಓಡಿ ಮುಂದೆ ಬಂದವನು ಎಷ್ಟು ಮುಂದಿದ್ದರೂ ನಿರಪರಾಧಿಯೇ. ಬಯಲಿನ ಜಗಳಗಳಲ್ಲಿ ಅರ್ಧದಷ್ಟು ಈ ಒಂದು ಅಂಶವನ್ನು ಮರೆತುದರಿಂದಲೇ ಹುಟ್ಟುವುವು. ಒದೆದವನನ್ನೂ, ಓಡುವವನನ್ನೂ, ಉಪಾಂತ್ಯನನ್ನೂ ಒಂದೇ ನಿಮಿಷಾರ್ಧದ ನೂರನೆಯ ಒಂದು ಪಾಲಿನಲ್ಲಿ ನೋಡಬೇಕಾದ ಕಣ್ಣು ಮನುಷ್ಯನಿಗೆ ದತ್ತವಾಗಿಲ್ಲವೆಂಬುದನ್ನು ರೆಫರಿಯನ್ನು ಬಯ್ಯುವವರು ನೆನೆಯುವುದಿಲ್ಲ. ಮೂರನೆಯದಾಗಿ, ಆ ಸ್ಥಾನದಲ್ಲಿ ನಿಂತ ಮಾತ್ರಕ್ಕೆ ತಪ್ಪಿಲ್ಲ. ಅಲ್ಲಿದ್ದು ಆಟದಲ್ಲಿ ಕೈಹಾಕಿದರೆ ತಪ್ಪು. 1903ರಷ್ಟು ಹಿಂದೆಯೇ ಈ ವಿವರಣೆಯನ್ನು ನಿಯಮದೊಡನೆ ಸೇರಿಸಿದರು.

ಇಂಥ ನಿಯಮವನ್ನು ಮಾಡಿದವರು ಗೋಲ್‌ಕೀಪರನನ್ನು ಏಕೆ ಹೆಸರಿಸಲಿಲ್ಲವೆಂಬ ಪ್ರಶ್ನೆಗೆ ಉತ್ತರವು ಇತಿಹಾಸದಲ್ಲಿದೆ. ನಿಯಮವು ಹುಟ್ಟಿದಾಗ ಆ ನಿಯಮಗಳ ಪಾಠದಲ್ಲಿ ಗೋಲ್‌ಕೀಪರನೇ ಇರಲಿಲ್ಲ.

ಲಂಡನ್ನಿನ ಫುಟ್‌ಬಾಲ್ ಅಸೋಸಿಯೇಷನ್ನು 1863ರಲ್ಲಿ ಸ್ಥಾಪಿತವಾಗಿ, ಆ ವರ್ಷವೇ ತನ್ನ ಮೊದಲ ನಿಯಮಾವಳಿಯನ್ನು ಪ್ರಕಟಿಸಿತು. ಅದರಂತೆ ಚೆಂಡನ್ನು ಒದೆದವನಿಗಿಂತ ಮುಂದೆ ಇರುವ ಅವನ ಪಕ್ಷದವರೆಲ್ಲರೂ ಆಟದಿಂದ ಹೊರಗಾದವರೇ. ಎದುರಾಳಿಗಳು ಎಷ್ಟು ಜನವಿದ್ದರೆಂಬ ಲೆಕ್ಕವೇ ಇರಲಿಲ್ಲ. ಆಫ್‌ಸೈಡ್ ಎಂಬ ಮಾತಿನ ಮೂಲಾರ್ಥವೂ ಇದನ್ನೇ ಸೂಚಿಸುವುದು. ತನ್ನ ಪಕ್ಷವನ್ನು ಬಿಟ್ಟು, ಚೆಂಡಿನ ಆಚೆಗೆ, ಶತ್ರುಗಳ ನಡುವೆ ಸೇರಿಕೊಂಡವನು ಎಂದು ಅದರ ಭಾವ. ಸೈನ್ಯವು ಹಿಂದಿರುವಾಗ ತಾನೊಬ್ಬನೇ ಶತ್ರುಶಿಬಿರದ ಬಾಗಿಲಲ್ಲಿ ಅವಿತು ಕುಳಿತವನಿಗೆ ಯುದ್ಧಧರ್ಮದಲ್ಲಿ ಮಾನವಿಲ್ಲವೆಂಬಂತೆ, ಇಂಗ್ಲೆಂಡಿನ ಶಾಲೆಗಳ ಹುಡುಗರು ಇಂಥವನನ್ನು ಹೀನಾಯವಾಗಿ ಕಾಣುತ್ತಿದ್ದರು.

ಆದರೆ ಈ ಕಟ್ಟುನಿಟ್ಟಿನಿಂದ ಚೆಂಡನ್ನು ಮುಂದಕ್ಕೆ ಕೊಡುವುದೇ ಅಸಾಧ್ಯವಾಗಿ, ಪ್ರತಿಯೊಬ್ಬನೂ ಚೆಂಡನ್ನು ಕಾಲಿಗೆ ಕಟ್ಟಿಕೊಂಡವನಂತೆ ಓಡುವುದಷ್ಟೇ ಆಟವಾಯಿತು. ಆದುದರಿಂದ 1866ರಲ್ಲಿ ನಿಯಮವನ್ನು ಸಡಿಲಿಸಿ, ಮುಂದೆ ಇರುವವನಿಗೂ ಎದುರಾಳಿಗಳ ಗೋಲು ಗೆರೆಗೂ ನಡುವೆ ಮೂವರು ಎದುರಾಳಿಗಳಿದ್ದರೆ ದೋಷವಿಲ್ಲವೆಂದು ಗೊತ್ತುಮಾಡಿದರು. ಎಣಿಕೆಯು ಹುಟ್ಟಿದುದು ಆಗ. ಕೈಯಿಂದ ಚೆಂಡನ್ನು ತಡೆಯುವ ಅಧಿಕಾರವುಳ್ಳವನೆಂದು ಗೋಲ್‌ಕೀಪರನು ಆ ನಿಯಮಾವಳಿಯೊಳಗೆ ಪ್ರವೇಶಿಸಿದುದು 1871ರಲ್ಲಿ. ಎಂದರೆ ಎಣಿಕೆಯು ಗೋಲ್‌ಕೀಪರನಿಗಿಂತ ಐದು ವರ್ಷ ಹಿರಿಯದು. ಇನ್ನೂ ಹುಟ್ಟದವನ ಹೆಸರನ್ನು ನಿಯಮವು ಹೇಗೆ ಹೇಳೀತು? ಅವನು ಹುಟ್ಟಿದ ಮೇಲೆಯೂ ಅದು ಅವನಿಗಾಗಿ ತನ್ನ ಮಾತನ್ನು ಬದಲಿಸಿಕೊಳ್ಳಲಿಲ್ಲ. ಇತರರೊಡನೆ ಅವನನ್ನೂ ಒಬ್ಬನೆಂದು ಎಣಿಸಿತು, ಅಷ್ಟೆ.

ಇದೇ ಕಾಲದಲ್ಲಿ ಉತ್ತರ ಇಂಗ್ಲೆಂಡಿನ ಷೆಫೀಲ್ಡ್ ಊರಿನಲ್ಲಿ ಬೇರೊಂದು ಸಂಪ್ರದಾಯವಿದ್ದಿತು. ಅಲ್ಲಿಯ ಮೊದಲಿನ ನಿಯಮಗಳಲ್ಲಿ ಆಫ್‌ಸೈಡ್ ಎಂಬುದೇ ಇರಲಿಲ್ಲ. ಎದುರು ಪಕ್ಷದ ಗೋಲಿನ ಬಳಿಯಲ್ಲಿಯೇ ಸದಾ ನಿಂತಿದ್ದು, ದೂರದಿಂದ ಬಂದ ಚೆಂಡನ್ನು ಒಳಕ್ಕೆ ತಳ್ಳುವುದೇ ಕೆಲಸವಾಗಿದ್ದ ಆಟಗಾರರು ಅಲ್ಲಿದ್ದರು. ಮುಂದೆ ಒಬ್ಬ ಎದುರಾಳಿಯಿದ್ದರೆ ಸಾಕೆಂಬ ನಿಯಮವು ಅಲ್ಲಿಗೆ ತರುವಾಯ ಬಂದಿತು. ಷೆಫೀಲ್ಡಿನವರು ಗೋಲ್‌ಕೀಪರನಿಗೆ ಕೊಟ್ಟ ಲಕ್ಷಣವು ವಿನೋದಕರವಾದದ್ದು: ರಕ್ಷಿಸುವ ಪಕ್ಷದಲ್ಲಿ ಆ ಹೊತ್ತಿಗೆ ತನ್ನ ಗೋಲಿಗೆ ಯಾವನು ಅತ್ಯಂತ ಸಮೀಪದಲ್ಲಿರುವನೋ ಅವನೇ ಗೋಲ್‌ಕೀಪರನು. ಅಲ್ಲಿ ಗೋಲ್‌ಕೀಪರನೆಂಬುದೂ ಉಪಧೆಯಂತೆ ಒಂದು ಸ್ಥಾನಸಂಜ್ಞೆಯೇ ಆಗಿದ್ದಿತು. 1877ರಲ್ಲಿ ಷೆಫೀಲ್ಡಿನವರು ಲಂಡನ್ನಿನವರ ನಿಯಮಗಳನ್ನು ಒಪ್ಪಿಕೊಂಡರು. ಆ ಲಕ್ಷಣವೂ ಅದರೊಡನೆ ಮರೆಯಾಯಿತು. ಗೋಲ್‌ಕೀಪರನು ಒಬ್ಬ ನಿರ್ದಿಷ್ಟ ವ್ಯಕ್ತಿಯಾಗಿ ಉಳಿದುಕೊಂಡನು.

ಆ ವ್ಯಕ್ತಿಯ ಅಧಿಕಾರಗಳು ಮೊದಲು ಬಹಳ ವಿಸ್ತಾರವಾಗಿದ್ದುವು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅವನು ತನ್ನ ಅರ್ಧ ಬಯಲಿನಲ್ಲೆಲ್ಲಾ ಚೆಂಡನ್ನು ಕೈಯಿಂದ ಮುಟ್ಟಬಹುದಾಗಿದ್ದಿತು. ವೇಲ್ಸ್ ದೇಶದ ಲೀ ರಿಚ್ಮಂಡ್ ರೂಸ್ ಎಂಬ ಗೋಲ್‌ಕೀಪರನು ಚೆಂಡನ್ನು ನೆಲಕ್ಕೆ ಪುಟಿಸುತ್ತಾ ನಡುಗೆರೆಯವರೆಗೂ ಬರುತ್ತಿದ್ದನು. 1912ರಲ್ಲಿ ಆ ಸ್ವಾತಂತ್ರ್ಯವನ್ನು ಮೊಟಕುಗೊಳಿಸಿ, ಪೆನಾಲ್ಟಿ ಆವರಣದೊಳಗೆ ಮಾತ್ರ ಕೈಯನ್ನು ಉಪಯೋಗಿಸಬಹುದೆಂದು ವಿಧಿಸಿದರು. ಇತರರಿಂದ ಬೇರೆಯಾಗಿ ಕಾಣುವ ಬಣ್ಣದ ಅಂಗಿಯನ್ನು ತೊಡಬೇಕೆಂಬ ನಿಯಮವು 1909ರಲ್ಲಿಯೇ ಬಂದಿದ್ದಿತು. ಆಫ್‌ಸೈಡಿನ ಕಡೆಯಲ್ಲಿಯೂ 1907ರಲ್ಲಿ ಒಂದು ಸುಧಾರಣೆಯಾಯಿತು: ತನ್ನ ಅರ್ಧದಲ್ಲಿಯೇ ಇರುವವನಿಗೆ ಆಫ್‌ಸೈಡ್ ಇಲ್ಲ.

ಅಷ್ಟರಲ್ಲಿ ಮೂವರ ನಿಯಮದೊಳಗಣ ಒಂದು ಸಂದನ್ನು ಚತುರರು ಕಂಡುಹಿಡಿದಿದ್ದರು. ಆಗಿನ ತಂಡಗಳಲ್ಲಿ ಗೋಲ್‌ಕೀಪರನ ಮುಂದೆ ಇಬ್ಬರು ಬ್ಯಾಕ್ ಆಟಗಾರರು. ಇವರಲ್ಲಿ ಒಬ್ಬನು ಸರಿಯಾದ ಸಮಯಕ್ಕೆ ನಾಲ್ಕು ಹೆಜ್ಜೆ ಮುಂದಕ್ಕೆ ಬಂದುಬಿಟ್ಟರೆ ಎದುರಾಳಿಯ ಮುಂದೆ ಉಳಿಯುವವರು ಇಬ್ಬರೇ, ಅವನು ಆಫ್‌ಸೈಡ್. ಲೆಕ್ಕವು ತಪ್ಪಿದರೂ ಗೋಲಿನ ಮುಂದೆ ಮತ್ತೊಬ್ಬ ಬ್ಯಾಕ್ ಆಟಗಾರನಿರುವನಾದುದರಿಂದ ಹೆದರಿಕೆಯಿಲ್ಲ. ನ್ಯೂಕಾಸಲ್ ತಂಡದ ಬಿಲ್ ಮೆಕ್ರಾಕೆನ್ ಈ ತಂತ್ರದಲ್ಲಿ ಬಹು ಪ್ರಸಿದ್ಧನಾಗಿದ್ದನು. ಎಲ್ಲರೂ ಇದನ್ನು ಅನುಸರಿಸತೊಡಗಲು, ಆಟವು ನಡುಗೆರೆಯ ಎರಡು ಮಗ್ಗುಲಲ್ಲಿ ಕೆಲವೇ ಗಜಗಳ ಪಟ್ಟಿಯೊಳಗೆ ಸಿಕ್ಕಿಕೊಂಡಿತು. ಗೋಲ್‌ಕೀಪರನಿಗೆ ಚಳಿಯಲ್ಲಿ ನಿಂತು ಕೈ ಉಜ್ಜಿಕೊಳ್ಳುವುದೇ ಕೆಲಸವಾಯಿತು.

1925ರಲ್ಲಿ ಸ್ಕಾಟ್ಲೆಂಡಿನವರ ಸೂಚನೆಯಂತೆ ಮೂವರನ್ನು ಇಬ್ಬರಾಗಿ ಇಳಿಸಿದರು. ಒಂದೇ ಒಂದು ಸಂಖ್ಯೆಯನ್ನು ಬದಲಿಸಿದುದರ ಫಲವು ಆಶ್ಚರ್ಯಕರವಾಗಿದ್ದಿತು. ಇಂಗ್ಲಿಷ್ ಲೀಗಿನ ಮೊದಲನೆಯ ವಿಭಾಗದಲ್ಲಿ 1924–25ರಲ್ಲಿ 1192 ಗೋಲುಗಳಾಗಿದ್ದರೆ, ಮರುವರ್ಷ 1703 ಆದುವು. ಈ ಐನೂರು ಚಿಲ್ಲರೆ ಗೋಲುಗಳ ಭಾರವೆಲ್ಲವೂ ಬಿದ್ದುದು ಗೋಲ್‌ಕೀಪರರ ಮೇಲೆ. ಹಿಂದೆ ಬ್ಯಾಕ್ ಆಟಗಾರನ ತಂತ್ರವು ತಪ್ಪಿದರೆ ಸಂಗಡಿಗನೊಬ್ಬನು ರಕ್ಷಣೆಗಿದ್ದನು. ಈಗ ತಪ್ಪಿದರೆ ಗೋಲ್‌ಕೀಪರನೊಬ್ಬನೇ. ಓಡಿಬರುವ ಫಾರ್ವರ್ಡಿಗೂ ಅವನಿಗೂ ನಡುವೆ ಬರಿಯ ಬಯಲು. ಗೋಲಿನೊಳಗೆ ನಿಂತಿರಬೇಕೋ, ಮುಂದೆ ಬಂದು ಕೋನವನ್ನು ಕಿರಿದುಮಾಡಬೇಕೋ ಎಂಬುದನ್ನು ಅವನು ರೆಪ್ಪೆ ಬಡಿಯುವಷ್ಟರಲ್ಲಿ ನಿಶ್ಚಯಿಸಬೇಕು. ಆರ್ಸೆನಲ್ ತಂಡದ ಹರ್ಬರ್ಟ್ ಚಾಪ್ಮನ್ ಮುಂತಾದವರು ನಡುವಿನ ಹಾಫ್ ಆಟಗಾರನನ್ನು ಹಿಂದಕ್ಕೆ ಕರೆದು ಮೂರನೆಯ ಬ್ಯಾಕ್ ಆಗಿ ನಿಲ್ಲಿಸಿಕೊಂಡುದು ಈ ಸಂಕಟಕ್ಕೆ ಕಂಡ ಪರಿಹಾರ. ಗೋಲ್‌ಕೀಪರನನ್ನು ಹೆಸರಿಸದ ನಿಯಮವೊಂದು ಅವನ ಬಾಳನ್ನೇ ಹೀಗೆ ಬದಲಿಸಿತು.

ಇಬ್ಬರ ನಿಯಮವು ಬಂದ ಕಾಲಕ್ಕೆ ಬೆಂಗಳೂರಿನಲ್ಲಿ ಈ ಆಟವು ಬೇರೂರಿದ್ದಿತು. 1809ರಲ್ಲಿ ಇಂಗ್ಲಿಷರು ಸ್ಥಾಪಿಸಿದ ದಂಡು, 1881ರಲ್ಲಿ ಸಂಸ್ಥಾನವು ಒಡೆಯರಿಗೆ ಮರಳಿದ ಮೇಲೆಯೂ ಅವರ ವಶದಲ್ಲಿಯೇ ಇದ್ದು, 1947ರಲ್ಲಿ ಮೈಸೂರಿಗೆ ಸೇರಿತು. ಅಲ್ಲಿಯ ಗೋರಾ ಸಿಪಾಯಿಗಳ ಆಟವನ್ನು ಬಯಲಿನ ಅಂಚಿನಲ್ಲಿ ನಿಂತು ನೋಡಿದವರು ಹಲಸೂರು, ಆಸ್ಟಿನ್ ಟೌನ್ ಮೊದಲಾದ ಕಡೆಗಳ ದುಡಿಯುವ ಜನರ ಮಕ್ಕಳು. ಅವರು ಬರಿಗಾಲಿನಲ್ಲಿ ಆಡಿ ಗುರುಗಳನ್ನು ಮೀರಿಸಿದರು. ಈಗಿನ ಗ್ರಾಮಾಂತರ ಜಿಲ್ಲೆಯ ತಾಲ್ಲೂಕುಗಳು 1986ರವರೆಗೂ ಬೆಂಗಳೂರು ಜಿಲ್ಲೆಯಲ್ಲಿಯೇ ಸೇರಿದ್ದುವಾದುದರಿಂದ ದಂಡಿನ ಆಟದ ಕಥೆಯು ಇವಕ್ಕೂ ಪರಕೀಯವಲ್ಲ.

ಮುಂಬಯಿಯಲ್ಲಿ 1891ರಲ್ಲಿ ಆರಂಭವಾದ ರೋವರ್ಸ್ ಕಪ್ ಎಂಬ ಪಂದ್ಯಾವಳಿಯನ್ನು ನಾಲ್ವತ್ತಕ್ಕೂ ಹೆಚ್ಚು ವರ್ಷಗಳ ಕಾಲ ಇಂಗ್ಲಿಷ್ ಸೈನ್ಯದ ತಂಡಗಳೇ ಗೆಲ್ಲುತ್ತಿದ್ದುವು. 1937ರಲ್ಲಿ ಅದನ್ನು ಗೆದ್ದ ಮೊದಲನೆಯ ಭಾರತೀಯ ತಂಡವು ಬೆಂಗಳೂರು ಮುಸ್ಲಿಮ್ಸ್. ಅಂತಿಮ ಪಂದ್ಯದಲ್ಲಿ ಅವರು ಸೋಲಿಸಿದುದು ಕಲ್ಕತ್ತೆಯ ಮೊಹಮ್ಮಡನ್ ಸ್ಪೋರ್ಟಿಂಗ್ ತಂಡವನ್ನು. 1934 ಮೊದಲ್ಗೊಂಡು ಐದು ವರ್ಷ ಬಿಡದೆ ಕಲ್ಕತ್ತೆಯ ಲೀಗನ್ನು ಗೆದ್ದ ತಂಡವದು. ಗೆಲವು ಒಂದೇ ಗೋಲಿನಿಂದ. ಎದುರು ಪಕ್ಷಕ್ಕೆ ಗೋಲೇ ಇಲ್ಲದಂತೆ ಕಾದುದರಿಂದಲೇ ಆ ಒಂದು ಗೋಲಿಗೆ ಬೆಲೆ ಬಂದಿತೆಂಬುದನ್ನು ಹೇಳಬೇಕಾದುದಿಲ್ಲ. ಮರುವರ್ಷ ಆರ್ಗೈಲ್ ಮತ್ತು ಸದರ್ಲೆಂಡ್ ಹೈಲ್ಯಾಂಡರ್ಸ್ ಎಂಬ ಸೈನ್ಯದ ತಂಡವನ್ನು ಸೋಲಿಸಿ ಅವರು ಕಪ್ಪನ್ನು ಉಳಿಸಿಕೊಂಡರು. 1946–47ರಲ್ಲಿ ಮೈಸೂರು ತಂಡವು ಬಂಗಾಳವನ್ನು ಸೋಲಿಸಿ ಸಂತೋಷ್ ಟ್ರೋಫಿಯನ್ನು ಮೊದಲ ಬಾರಿಗೆ ಗೆದ್ದಿತು.

ಸ್ವತಂತ್ರ ಭಾರತದ ಮೊದಲನೆಯ ಒಲಿಂಪಿಕ್ ಕಾಲ್ಚೆಂಡು ತಂಡವು 1948ರಲ್ಲಿ ಲಂಡನ್ನಿಗೆ ಹೊರಟಾಗ ಅದರ ಗೋಲ್‌ಕೀಪರರು ಇಬ್ಬರು: ಬೆಂಗಳೂರಿನ ಕೆ. ವಿ. ವರದರಾಜ್ ಮತ್ತು ಸಂಜೀವ ಉಚ್ಚಿಲ್. ಉಚ್ಚಿಲವೆಂಬುದು ತುಳುನಾಡಿನ ಕರಾವಳಿಯ ಊರಿನ ಹೆಸರೆಂಬುದನ್ನು ಕನ್ನಡ ವಾಚಕರಿಗೆ ಹೇಳಬೇಕಾಗಿಲ್ಲ. ಜುಲೈ 31ರಂದು ಇಲ್ಫೋರ್ಡಿನ ಕ್ರಿಕಲ್‌ಫೀಲ್ಡ್ ಬಯಲಿನಲ್ಲಿ ಫ್ರಾನ್ಸಿನೊಡನೆ ಪಂದ್ಯ. ಗೋಲಿನಲ್ಲಿ ನಿಂತವರು ವರದರಾಜ್. ಭಾರತೀಯರಲ್ಲಿ ಹೆಚ್ಚಿನವರು ಬೂಟಿಲ್ಲದೆ ಆಡಿದುದನ್ನು ಇಂಗ್ಲಿಷ್ ಪ್ರೇಕ್ಷಕರು ಬಾಯಿತೆರೆದು ನೋಡಿದರು. ಫ್ರಾನ್ಸಿನವರು ಮೊದಲರ್ಧದಲ್ಲಿ ಒಂದು ಗೋಲನ್ನು ಮಾಡಿದರು. ಎರಡನೆಯ ಅರ್ಧದಲ್ಲಿ ಬೆಂಗಳೂರಿನವರೇ ಆದ ಸಾರಂಗಪಾಣಿ ರಾಮನ್ ಅದನ್ನು ಸರಿಗಟ್ಟಿದರು. ಭಾರತಕ್ಕೆ ಎರಡು ಪೆನಾಲ್ಟಿಗಳು ದೊರೆತು ಎರಡೂ ವ್ಯರ್ಥವಾದುವು. ಪಂದ್ಯವು ಮುಗಿಯಲು ಒಂದು ನಿಮಿಷವಿರುವಾಗ ಫ್ರಾನ್ಸಿನ ಎರಡನೆಯ ಗೋಲು ಬಿದ್ದಿತು. ಈ ಪಂದ್ಯದ ವಿಷಯದಲ್ಲಿ ಬರಿಗಾಲಿನ ಮಾತನ್ನೂ, ವ್ಯರ್ಥವಾದ ಪೆನಾಲ್ಟಿಗಳ ಮಾತನ್ನೂ ಬರೆಯದವರಿಲ್ಲ. ಎಂಬತ್ತೆಂಟು ನಿಮಿಷ ಒಂದು ಯೂರೋಪಿನ ತಂಡವನ್ನು ಒಂದೇ ಗೋಲಿಗೆ ನಿಲ್ಲಿಸಿದ ಗೋಲ್‌ಕೀಪರನ ಮಾತನ್ನು ಬರೆದವರು ವಿರಳ. ಗೋಲ್‌ಕೀಪರನ ವೃತ್ತಿಯೇ ಅಂಥದು. ತಡೆದ ಚೆಂಡು ಲೆಕ್ಕದ ಪುಸ್ತಕವನ್ನು ಸೇರುವುದಿಲ್ಲ.

ವರದರಾಜರು ನಿಂತ ಗೋಲು ಈಗಿನ ಗೋಲಿನಷ್ಟೇ ಅಗಲವಾದದ್ದು: ಎಂಟು ಗಜ ಅಗಲ, ಎಂಟು ಅಡಿ ಎತ್ತರ. ನಿಯಮಗಳು ಮಾತ್ರ ಬೇರೆ. ಆಗ ಚೆಂಡನ್ನು ಕೈಯಲ್ಲಿ ಹಿಡಿದ ಗೋಲ್‌ಕೀಪರನಿಗೆ ಫಾರ್ವರ್ಡನು ಭುಜಕ್ಕೆ ಭುಜ ಕೊಟ್ಟು ಢಿಕ್ಕಿಹೊಡೆಯಲು ಅವಕಾಶವಿದ್ದಿತು. 1958ರ ಇಂಗ್ಲಿಷ್ ಎಫ್.ಎ. ಕಪ್ಪಿನ ಅಂತಿಮ ಪಂದ್ಯದಲ್ಲಿ ಬೋಲ್ಟನ್ನಿನ ನ್ಯಾಟ್ ಲಾಫ್ಟ್‌ಹೌಸ್ ಎಂಬವನು ಮ್ಯಾಂಚೆಸ್ಟರ್ ಯುನೈಟೆಡ್ಡಿನ ಗೋಲ್‌ಕೀಪರನಾದ ಹ್ಯಾರಿ ಗ್ರೆಗ್ಗನನ್ನು ಚೆಂಡಿನೊಡನೆಯೇ ಗೋಲಿನೊಳಕ್ಕೆ ನೂಕಿದನು. ಅದನ್ನು ಗೋಲೆಂದೇ ಎಣಿಸಿದರು! ಈಗ ಹಾಗೆ ಮಾಡಿದರೆ ನೂಕಿದವನಿಗೆ ಶಿಕ್ಷೆಯಾಗುವುದು. ಇದಕ್ಕೆ ಬದಲಾಗಿ ಆಗಿನವರಿಗೆ ಒಂದು ಅನುಕೂಲವಿದ್ದಿತು. ಸಂಗಡಿಗನು ಹಿಂದಕ್ಕೆ ಒದೆದು ಕೊಟ್ಟ ಚೆಂಡನ್ನು ಕೈಯಲ್ಲಿ ಎತ್ತಿಕೊಂಡು ಉಸಿರಾಡಬಹುದಾಗಿದ್ದಿತು. 1992ರಲ್ಲಿ ಅದನ್ನು ನಿಷೇಧಿಸಿದರು.

ಈ 1992ರ ನಿಷೇಧವೂ, ಬ್ಯಾಕ್ ಆಟಗಾರರು ನಾಲ್ವರಾಗಿ ಒಂದೇ ಸಾಲಿನಲ್ಲಿ ಮುಂದಕ್ಕೆ ಸರಿದು ಎದುರಾಳಿಗಳನ್ನು ಆಫ್‌ಸೈಡಿನಲ್ಲಿ ಸಿಕ್ಕಿಸುವ ಪದ್ಧತಿಯೂ ಸೇರಿ ಗೋಲ್‌ಕೀಪರನ ಕಸುಬನ್ನು ಮತ್ತೊಮ್ಮೆ ಮಾರ್ಪಡಿಸಿದುವು. ಸಾಲು ಮುಂದಕ್ಕೆ ಸರಿದಷ್ಟೂ ಅದರ ಹಿಂದಿನ ಬಯಲು ಹಿಗ್ಗುವುದು. ಆ ಬಯಲಿಗೆ ಬಿದ್ದ ಚೆಂಡು ಫಾರ್ವರ್ಡನಿಗೆ ಸಿಕ್ಕುವುದರೊಳಗೆ ಗೋಲ್‌ಕೀಪರನು ಓಡಿಬಂದು ಕಾಲಿನಿಂದ ಅದನ್ನು ಅಟ್ಟಬೇಕು. 1953ರಲ್ಲಿ ಇಂಗ್ಲೆಂಡನ್ನು ವೆಂಬ್ಲಿಯಲ್ಲಿಯೇ ಆರಕ್ಕೆ ಮೂರು ಗೋಲುಗಳಿಂದ ಸೋಲಿಸಿದ ಹಂಗೇರಿ ತಂಡದ ಗ್ಯೂಲಾ ಗ್ರೋಸಿಚ್ ಈ ಬಗೆಯ ಆಟಕ್ಕೆ ಹೆಸರಾಗಿದ್ದನು. 2014ರ ವಿಶ್ವಕಪ್ಪಿನಲ್ಲಿ ಆಲ್ಜೀರಿಯದ ಎದುರು ಜರ್ಮನಿಯ ಮಾನ್ವೆಲ್ ನಾಯರ್ ಆಡಿದುದನ್ನು ಕಂಡವರು, ಅವನು ಗೋಲ್‌ಕೀಪರನೋ ಬ್ಯಾಕೋ ಎಂದು ಸಂದೇಹಪಟ್ಟರು. ಷೆಫೀಲ್ಡಿನವರ ಹಳೆಯ ಲಕ್ಷಣಕ್ಕೆ ತೀರ ವಿರುದ್ಧವಾಗಿ, ಗೋಲಿಗೆ ಸಮೀಪವಲ್ಲದವನೂ ಗೋಲ್‌ಕೀಪರನಾಗಿರುವನು. ಹೀಗೆ ಹೊರಗೆ ಬರುವವನಿಗೆ ಉಪಾಂತ್ಯನ ಲೆಕ್ಕವು ಎಲ್ಲರಿಗಿಂತ ಹೆಚ್ಚಾಗಿ ತಿಳಿದಿರಬೇಕು. ಕೊನೆಯ ನಿಮಿಷದಲ್ಲಿ ಸೋಲುತ್ತಿರುವ ತಂಡದ ಗೋಲ್‌ಕೀಪರನು ಎದುರು ಗೋಲಿನವರೆಗೂ ಓಡಿಹೋಗುವುದುಂಟಷ್ಟೆ. ಆಗ ಅವನ ಪಕ್ಷದ ಬ್ಯಾಕ್ ಆಟಗಾರನು ತನ್ನ ಹಿಂದೆ ಗೋಲ್‌ಕೀಪರನಿದ್ದಾನೆಂದೇ ಭಾವಿಸಿ ನಿಂತಿದ್ದರೂ, ನಿಯಮವು ಅವನನ್ನೇ ಅಂತ್ಯನೆಂದು ಎಣಿಸುವುದು.

ನಿಯಮದ ಸಡಿಲಿಕೆಯೂ ನಿಲ್ಲಲಿಲ್ಲ. 1990ರವರೆಗೆ ಉಪಾಂತ್ಯನಿಗೆ ಸರಿಸಮನಾಗಿ ನಿಂತವನೂ ಆಫ್‌ಸೈಡ್ ಆಗಿದ್ದನು. ಆ ವರ್ಷದಿಂದ ಸಮನಾದವನಿಗೆ ವಿನಾಯಿತಿ. ಆ ಸ್ಥಾನದಲ್ಲಿದ್ದು ಲಾಭ ಪಡೆಯುವುದೆಂದರೇನೆಂಬುದನ್ನು 1995ರಲ್ಲಿಯೂ 2005ರಲ್ಲಿಯೂ ಬಿಡಿಸಿ ಹೇಳಿದರು. ತೋಳೂ ಕೈಯೂ ಲೆಕ್ಕಕ್ಕಿಲ್ಲ, ಗೋಲು ಮಾಡಬಲ್ಲ ಅಂಗಗಳು ಮಾತ್ರ ಲೆಕ್ಕಕ್ಕೆ ಎಂಬುದೂ 2005ರಲ್ಲಿ ಸ್ಪಷ್ಟವಾಯಿತು. ಇಲ್ಲೊಂದು ಸ್ವಾರಸ್ಯವಿದೆ. ಗೋಲ್‌ಕೀಪರನಿಗೆ ಕೈಯೇ ಆಯುಧವಾದರೂ, ಅವನು ಉಪಾಂತ್ಯನಾಗಿರುವಾಗ ಚಾಚಿದ ಅವನ ಕೈಯನ್ನೂ ನಿಯಮವು ಎಣಿಸುವುದಿಲ್ಲ. ಇಲ್ಲಿಯೂ ಅವನು ಹನ್ನೊಂದು ಮಂದಿಯಲ್ಲಿ ಒಬ್ಬನೇ.

ಆದರೆ ವಿವರಣೆಗಳಲ್ಲಿ ಗೋಲ್‌ಕೀಪರನಿಗೆ ಆಶ್ರಯವಾದವು ಎರಡುಂಟು. ಆಫ್‌ಸೈಡ್ ಸ್ಥಾನದಲ್ಲಿ ನಿಂತವನು ಚೆಂಡನ್ನು ಮುಟ್ಟದಿದ್ದರೂ, ಗೋಲ್‌ಕೀಪರನ ಕಣ್ಣಿಗೆ ಚೆಂಡು ಕಾಣದಂತೆ ಅಡ್ಡ ನಿಂತರೆ ಅದು ಅಪರಾಧ. ಎರಡನೆಯದು ಇನ್ನೂ ಸೂಕ್ಷ್ಮ. ಸಂಗಡಿಗನು ಒದೆದಾಗ ಒಬ್ಬನು ಆಫ್‌ಸೈಡ್ ಸ್ಥಾನದಲ್ಲಿದ್ದನೆಂದು ಇಟ್ಟುಕೊಳ್ಳೋಣ. ಗೋಲ್‌ಕೀಪರನು ಚೆಂಡನ್ನು ತಡೆದನು. ಅದು ಅವನ ಕೈಯಿಂದ ಜಾರಿ ಆ ಆಫ್‌ಸೈಡಿನವನ ಕಾಲಿಗೆ ಬಂದಿತು. ಅವನು ಗೋಲು ಹೊಡೆದನು. ಎದುರಾಳಿಯ ಕೈಯಿಂದ ಬಂದ ಚೆಂಡಾದುದರಿಂದ ತಪ್ಪಿಲ್ಲವೆಂದು ಬಯಲಿನಲ್ಲಿ ಎಲ್ಲರೂ ವಾದಿಸುವರು. ಎದುರಾಳಿಯು ಬೇಕೆಂದು ಆಡಿದ ಚೆಂಡಾದರೆ ಆ ವಾದವು ಸರಿ. ಗೋಲಿನೊಳಕ್ಕೆ ಹೋಗುವುದನ್ನು ತಡೆದುದು ಮಾತ್ರ ಹಾಗೆ ಆಡಿದುದೆಂದು ಎಣಿಸಲ್ಪಡುವುದಿಲ್ಲ. ಮೊದಲಿನ ದೋಷವು ಉಳಿದೇ ಇರುವುದು, ಗೋಲಿಲ್ಲ. ತಡೆದವನ ಶ್ರಮವು ಅವನಿಗೇ ಮುಳುವಾಗಬಾರದೆಂಬ ನ್ಯಾಯವು ಇಲ್ಲಿದೆ.

ಬೆಂಗಳೂರಿನ ಆಟವು ದಂಡಿನ ಕಾಲದಿಂದ ಎಚ್.ಎ.ಎಲ್., ಐ.ಟಿ.ಐ. ಮುಂತಾದ ಕಾರ್ಖಾನೆಗಳ ತಂಡಗಳ ಕಾಲಕ್ಕೆ ಬಂದು, 2013ರಲ್ಲಿ ಬೆಂಗಳೂರು ಎಫ್.ಸಿ. ಸ್ಥಾಪನೆಯಾದ ಮೇಲೆ ಹೊಸ ಕಳೆಯನ್ನು ಪಡೆಯಿತು. ಹಲಸೂರಿನ ಬಳಿಯ ಗೌತಮಪುರದಲ್ಲಿ ಬ್ರೆಜಿಲ್ಲಿನ ಪೆಲೆಯ ಪ್ರತಿಮೆಯನ್ನೇ ನಿಲ್ಲಿಸಿರುವರು. 2023ರ ಮಾರ್ಚ್ 3ರಂದು ಕಂಠೀರವ ಕ್ರೀಡಾಂಗಣದಲ್ಲಿ ಕೇರಳ ಬ್ಲಾಸ್ಟರ್ಸ್ ತಂಡದೊಡನೆ ನಡೆದ ಪಂದ್ಯದ ವೇಳೆಯು ಮೀರಿ ಹೆಚ್ಚಿನ ಅವಧಿಯು ನಡೆಯುತ್ತಿರಲು, ಬೆಂಗಳೂರಿಗೆ ದೊರೆತ ಫ್ರೀ ಕಿಕ್ಕನ್ನು ಸುನಿಲ್ ಛೇತ್ರಿಯು ಥಟ್ಟನೆ ಗೋಲಿಗೆ ಹೊಡೆದುಬಿಟ್ಟನು. ಎದುರು ಗೋಲ್‌ಕೀಪರನು ಆಗ ಮುಂದೆ ಬಂದು ತನ್ನವರ ಗೋಡೆಯನ್ನು ನಿಲ್ಲಿಸುವುದರಲ್ಲಿದ್ದನು. ರೆಫರಿಯು ಗೋಲನ್ನು ಒಪ್ಪಿದನು. ಕೇರಳದವರು ಬಯಲನ್ನು ಬಿಟ್ಟ ಹೊರಟುಹೋದರು. ಚೆಂಡು ಮತ್ತಾರನ್ನೂ ಮುಟ್ಟದೆ ಒಳಹೊಕ್ಕುದರಿಂದ ಆ ಜಗಳದಲ್ಲಿ ಆಫ್‌ಸೈಡಿನ ಸೋಂಕೇ ಇರಲಿಲ್ಲ. ಆದರೂ ಗೋಲನ್ನು ಬಿಟ್ಟು ಬಂದ ಗೋಲ್‌ಕೀಪರನಿಗೆ ಖುನೆಗಾದಂತೆ ನಿಯಮವು ನೆರವಾಗುವ ಸಂದರ್ಭವು ಬೇರೆ, ಆಗದ ಸಂದರ್ಭವು ಬೇರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕದು. ಮರುದಿನವೇ, ಮಾರ್ಚ್ 4ರಂದು, ಸೌದಿ ಅರೇಬಿಯದ ರಿಯಾದ್ ನಗರದಲ್ಲಿ ಕರ್ನಾಟಕ ತಂಡವು ಮೇಘಾಲಯವನ್ನು ಮೂರಕ್ಕೆ ಎರಡು ಗೋಲುಗಳಿಂದ ಗೆದ್ದು, 1968–69ರ ತರುವಾಯ ಮೊದಲ ಬಾರಿಗೆ ಸಂತೋಷ್ ಟ್ರೋಫಿಯನ್ನು ಮನೆಗೆ ತಂದಿತು. ಹಿಂದಿನ ದಿನದ ಗದ್ದಲದಲ್ಲಿ ಈ ಗೆಲವಿನ ಸದ್ದು ಅಡಗಿಹೋಯಿತೆಂದರೆ ತಪ್ಪಾಗಲಾರದು.

ಮನುಷ್ಯನ ಕಣ್ಣಿಗೆ ಸಾಲದೆ ಬಂದುದನ್ನು ಈಗ ಯಂತ್ರಗಳು ನೋಡುತ್ತಿವೆ. 2022ರ ವಿಶ್ವಕಪ್ಪಿನಲ್ಲಿ ಚೆಂಡಿನೊಳಗೂ, ಕ್ರೀಡಾಂಗಣದ ಮಾಡಿನ ಕೆಳಗೂ ಉಪಕರಣಗಳನ್ನಿಟ್ಟು ಒದೆದ ಕ್ಷಣವನ್ನೂ ಪ್ರತಿಯೊಬ್ಬನ ಅಂಗಾಂಗಗಳ ಸ್ಥಾನವನ್ನೂ ಗೊತ್ತುಮಾಡಿದರು. ನವೆಂಬರ್ 22ರಂದು ಸೌದಿ ಅರೇಬಿಯದೊಡನೆ ಆಡಿದ ಅರ್ಜೆಂಟೀನಾ ತಂಡದ ಮೂರು ಗೋಲುಗಳು ಮೊದಲರ್ಧದಲ್ಲಿಯೇ ಆಫ್‌ಸೈಡೆಂದು ರದ್ದಾದುವು. ಸೌದಿಯವರು ಪಂದ್ಯವನ್ನು ಗೆದ್ದರು. ಆ ಯಂತ್ರವು ಎಣಿಸುವುದೂ ಉಪಾಂತ್ಯನನ್ನೇ. ಅವನ ಕೈಯಲ್ಲಿ ಗವಸು ಇದೆಯೋ ಇಲ್ಲವೋ ಎಂದು ಅದು ನೋಡುವುದಿಲ್ಲ.

ತಾಲ್ಲೂಕಿನ ಬಯಲುಗಳಿಗೆ ಧ್ವಜವೂ ಇಲ್ಲ, ಯಂತ್ರವೂ ಇಲ್ಲ. ಸುಣ್ಣದ ಗೆರೆಗಳು ಪಂದ್ಯಾವಳಿಯ ದಿನ ಮೂಡಿ ಮರುವಾರಕ್ಕೆ ಅಳಿಸಿಹೋಗುವುವು. ಮಿಕ್ಕ ದಿನಗಳಲ್ಲಿ ಹುಡುಗರು ಎರಡು ಕಲ್ಲುಗಳನ್ನೋ, ಎರಡು ಪುಸ್ತಕದ ಚೀಲಗಳನ್ನೋ ಗೋಲೆಂದು ಇಟ್ಟುಕೊಂಡು, ಆಡುವ ಮೊದಲೇ ‘ಆಫ್‌ಸೈಡ್ ಇಲ್ಲ’ ಎಂದು ಮಾತು ಮಾಡಿಕೊಳ್ಳುವರು. ಆಗ ಯಾವನಾದರೊಬ್ಬನು ಎದುರು ಗೋಲಿನ ಮಗ್ಗುಲಲ್ಲಿಯೇ ನಿಂತು ಚೆಂಡಿಗಾಗಿ ಕೂಗುತ್ತಿರುವನು. ಗೋಲು ಕಾಯುವವನು ಓಡಲಾರದೆ ದಣಿದರೆ, ಹತ್ತಿರವಿದ್ದ ಇನ್ನೊಬ್ಬನು ಆ ಕೆಲಸಕ್ಕೆ ನಿಲ್ಲುವನು. ಹಳೆಯ ಷೆಫೀಲ್ಡಿನವರು ಬಂದು ನೋಡಿದರೆ ಇದು ತಮ್ಮ ಆಟವೆಂದೇ ಗುರುತಿಸಿಯಾರು.